ಜೀಪು ಬಾಬಣ್ಣನ ದವಡೆ

ನೀನು ಯಾರ ಮಗಳು ಎಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ವಿಚಾರಿಸುವುದೇ ಅದನ್ನು. ಊರು ಯಾವುದು, ಮನೆ ಎಲ್ಲಿ, ಯಾರ ಮಗಳು, ಇಷ್ಟು ಗೊತ್ತಾಗದೆ ಯಾರಿಗೂ ಸಮಾಧಾನವಿಲ್ಲ. ನನಗೆ ಆ ಪರೀಕ್ಷೆ ಇರಲಿಲ್ಲ. ಸುಳ್ಯದಲ್ಲಿ ಬಸ್ಸು ಹತ್ತಿದರೆ ಸಾಕು, ಗುರುತು ಪರಿಚಯವಿಲ್ಲದ ಯಾವುದೋ ಅಜ್ಜಿ ನನ್ನ ಗದ್ದವನ್ನೇ ದಿಟ್ಟಿಸಿ, "ನೀನು ಆಲೆಟ್ಟಿ ಜೀಪು ಬಾಬಣ್ಣನ ಮಗಳಲ್ವಾ?" ಅನ್ನುತ್ತಿದ್ದರು. ನಾನು ಹೌದು ಅನ್ನುವ ಮೊದಲೇ ಅವರಿಗೆ ಗೊತ್ತಾಗಿರುತ್ತಿತ್ತು. ಕೆಳದವಡೆ ಇಷ್ಟು ಮುಂದಕ್ಕೆ ಬಂದ ಮನೆ ಆ ಊರಿನಲ್ಲಿ ನಮ್ಮದೊಂದೇ.

ಆ ದವಡೆಯನ್ನು ಕೊಯ್ಯಿಸಿ, ಹಿಂದಕ್ಕೆ ಸರಿಸಿ, ಸ್ಕ್ರೂ ಹಾಕಿಸಿಕೊಂಡು ಕೂರಿಸಿಕೊಂಡವಳು ನಾನು. ಮೊನ್ನೆ ಪುತ್ತೂರಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಒಬ್ಬಳು ಕಾಲೇಜು ಹುಡುಗಿ ಸಿಕ್ಕಿದಳು. ಶಾಲಿನಿಂದ ಗದ್ದ ಮುಚ್ಚಿಕೊಂಡು ಕೂತಿದ್ದಳು. "ಅಕ್ಕ, ತುಂಬ ನೋಯ್ತದಾ?" ಎಂದು ಮೆಲ್ಲಗೆ ಕೇಳಿದಳು. ನೋವಿನ ಬಗ್ಗೆ ಗೊತ್ತಿದ್ದಷ್ಟು ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ, ಹೇಳಬೇಕಾಗಿದ್ದದ್ದು ಅದಲ್ಲವಲ್ಲ ಅನ್ನಿಸಿತು. ನೋವಿಗೆ ಮಾತ್ರೆ ಇದೆ. ಆಪರೇಷನ್ನಿನ ನಂತರದ ಒಂಟಿತನಕ್ಕೆ ಯಾರೂ ಚೀಟಿ ಬರೆದುಕೊಡುವುದಿಲ್ಲ. ಅದನ್ನು ಆ ಹುಡುಗಿಗೆ ಹೇಳಲಿಲ್ಲ, ಈಗ ಬರೆಯುತ್ತಿದ್ದೇನೆ.

ಮೊದಲು ಅಪ್ಪನ ವಿಷಯ. ಅಪ್ಪ ಸುಳ್ಯದಿಂದ ಆಲೆಟ್ಟಿಗೆ ಸರ್ವಿಸ್ ಜೀಪು ಓಡಿಸುತ್ತಿದ್ದರು. ಒಳಗೆ ಹಿಡಿಸುವಷ್ಟು ಜನ, ಹೊರಗೆ ನೇತಾಡುವಷ್ಟು ಜನ, ಸ್ಟಿಯರಿಂಗ್ ಹಿಂದೆ ಅಪ್ಪನ ಆ ದವಡೆ. ಮಳೆಗಾಲವಿಡೀ ಅವರ ಒಂದು ಕೆನ್ನೆ ಉಬ್ಬಿಕೊಂಡೇ ಇರುತ್ತಿತ್ತು. ಒಳಗೆ ಸಾಂತಾಣಿ ಇರುತ್ತಿತ್ತು. ಹಲಸಿನ ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ, ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಬಿಸಿಲಿಗೆ ಹಾಕಿ, ಮಳೆಗಾಲಕ್ಕೆಂದು ಎತ್ತಿಡುತ್ತೇವಲ್ಲ, ಅದು. ಬಾಯಿಗೆ ಹಾಕಿಕೊಂಡ ಕೂಡಲೇ ಕಚ್ಚಲು ಹೋದರೆ ಹಲ್ಲು ಕೈಗೆ ಬರುತ್ತದೆ. ಕೆನ್ನೆಯಲ್ಲಿಟ್ಟು ನೆನೆಸಬೇಕು. ಉಪ್ಪು ಮೆಲ್ಲಗೆ ಬಿಡುತ್ತಾ ಬಿಡುತ್ತಾ ಅದು ಮೆತ್ತಗಾಗುತ್ತದೆ. ನಾನು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಅಪ್ಪನ ಹಾಗೆಯೇ ಒಂದನ್ನು ಕೆನ್ನೆಯಲ್ಲಿಟ್ಟುಕೊಳ್ಳುತ್ತಿದ್ದೆ. ಇಬ್ಬರಿಗೂ ಮಾತನಾಡಲು ಆಗುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಮ್ಮ ನಾನು ಸಣ್ಣವಳಿರುವಾಗಲೇ ತೀರಿಕೊಂಡಿದ್ದರು. ಕೆಲವು ವರ್ಷಗಳ ಹಿಂದೆ ಅಪ್ಪನೂ ಎದೆನೋವೆಂದು ಹೋಗಿ ವಾಪಸು ಬರಲಿಲ್ಲ. ಉಳಿದವರು ದೇವಕಿ ಅತ್ತೆ, ಅಪ್ಪನ ತಂಗಿ. ಅತ್ತೆ ಮದುವೆಯಾಗಿಲ್ಲ. ಗುಂಡ್ಯದಲ್ಲಿ ಹೆದ್ದಾರಿ ಬದಿಗೆ ಅವರದೊಂದು ಸಣ್ಣ ಕ್ಯಾಂಟೀನು, ಹಿಂದೆ ಎರಡು ಕೋಣೆಯ ಮನೆ. ಘಾಟಿ ಹತ್ತುವ ಲಾರಿಯವರೂ ಇಳಿದು ಬಂದ ಬಸ್ಸಿನವರೂ ಅಲ್ಲಿ ಚಹಾ ಕುಡಿಯುತ್ತಾರೆ. ಅತ್ತೆಗೂ ಅದೇ ದವಡೆ. ಗಲ್ಲಾದ ಮುಂದೆ ಕೂತು ಯಾರಿಗಾದರೂ ಬೈಯುವಾಗ ಅದು ಅವರಿಗಿಂತ ಒಂದು ಹೆಜ್ಜೆ ಮುಂದೆಯೇ ಹೋಗಿರುತ್ತದೆ.

ನಾನು ಕಡಬದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ವಿಭಾಗದವಳು. ಬಾಯಿಯೇ ನನ್ನ ಬಂಡವಾಳ. "ಈ ಬಣ್ಣ ನಿಮಗೆ ಭಾರೀ ಒಪ್ತದೆ ಅಕ್ಕ" ಎಂದು ದಿನವಿಡೀ ಹೇಳಬೇಕು, ಒಪ್ಪದಿದ್ದರೂ ಹೇಳಬೇಕು. ಒಂದು ಮದುವೆ ಸೀಸನ್ನಿನಲ್ಲಿ ಹೀಗೆ ಹೇಳುತ್ತಿರುವಾಗ ಆಕಳಿಕೆ ಬಂತು. ತೆರೆದ ಬಾಯಿ ಮುಚ್ಚಲಿಲ್ಲ. ಮದುಮಗಳ ಕಡೆಯವರು ಆರೇಳು ಮಂದಿ ಎದುರಿಗೆ ಕೂತಿದ್ದಾರೆ, ನನ್ನ ಕೈಯಲ್ಲಿ ಸೀರೆ, ಬಾಯಿ ಬಾವಿಯಂತೆ ತೆರೆದಿದೆ. ಸುತ್ತ ಗೋಡೆ ತುಂಬ ಕನ್ನಡಿ, ಎಲ್ಲದರಲ್ಲೂ ನಾನೇ. ಜೊತೆಗೆ ಕೆಲಸ ಮಾಡುವ ನಸೀಮಾ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಕಿವಿಯ ಹತ್ತಿರ ಉಜ್ಜಿ ಉಜ್ಜಿ ಹೇಗೋ ಮುಚ್ಚಿಸಿದಳು. ಆಮೇಲೆ ಅದು ಆಗಾಗ ಆಗತೊಡಗಿತು. ಕಿವಿಯ ಬುಡದಲ್ಲಿ ನೋವು ಬಂದು ಅಲ್ಲೇ ಮನೆ ಮಾಡಿತು.

ಪುತ್ತೂರಿನ ಹಲ್ಲಿನ ಡಾಕ್ಟರು ಬಾಯಿ ನೋಡಿ ಮೊದಲು ಕೇಳಿದ್ದು, "ಎದುರು ಹಲ್ಲಲ್ಲಿ ಕಚ್ಚಿ ತಿಂದದ್ದು ನೆನಪುಂಟಾ?" ಎಂದು. ನೆನಪಿರಲಿಲ್ಲ. ನನ್ನ ಎದುರಿನ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದನ್ನೊಂದು ಮುಟ್ಟಿಯೇ ಇರಲಿಲ್ಲ. ಪೇರಳೆಯನ್ನು ಕತ್ತರಿಸಿಯೇ ತಿನ್ನಬೇಕು, ಚಪಾತಿಯನ್ನು ಹರಿದು ಬದಿಯ ಹಲ್ಲಿಗೆ ತುರುಕಬೇಕು. ಎಲ್ಲರೂ ಹಾಗೆಯೇ ತಿನ್ನುತ್ತಾರೆ ಎಂದುಕೊಂಡಿದ್ದೆ. ಅಪ್ಪ, ಅತ್ತೆ, ನಾನು ಮೂವರೂ ಹಾಗೆಯೇ ತಿನ್ನುತ್ತಿದ್ದೆವು. ಹೀಗೇ ಬಿಟ್ಟರೆ ದವಡೆಯ ಕೀಲು ಸವೆಯುತ್ತದೆ, ಮುಂದೆ ಬಾಯಿ ತೆರೆಯುವುದೇ ಕಷ್ಟ ಎಂದರು. ಹಲ್ಲಿಗೆ ಕ್ಲಿಪ್ಪು ಹಾಕಿ ಸಾಲು ಸರಿ ಮಾಡಿ, ಆಮೇಲೆ ದವಡೆಯ ಆಪರೇಷನ್. ಕ್ಲಿಪ್ಪು ಹಾಕಿದ ಮೇಲೆ ಮುಖ ಮೊದಲಿಗಿಂತ ಕೆಡುತ್ತದೆ, ಹೆದರಬೇಡಿ ಎಂದೂ ಹೇಳಿದ್ದರು. ಮಾತಿಗೆ ತಪ್ಪಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಅಪ್ಪನಿಗಿಂತಲೂ ಹೆಚ್ಚು ಅಪ್ಪನ ಹಾಗಿದ್ದೆ.

ಆಪರೇಷನ್ನಿನ ವಿಷಯ ಅತ್ತೆಗೆ ಹೇಳಿದ್ದು ಒಂದು ಭಾನುವಾರ, ಕ್ಯಾಂಟೀನಿನ ಒಲೆಯ ಹತ್ತಿರ. ಅವರು ಗೋಳಿಬಜೆ ಕರಿಯುತ್ತಿದ್ದರು.

"ಹಲ್ಲು ನೋವಿಗೆ ದವಡೆ ಕಡಿಯುದಾ? ಎಂತ ಡಾಕ್ಟ್ರು ಮಾರಾಯ್ತಿ ಅವ?"

"ಹಲ್ಲು ನೋವಲ್ಲ ಅತ್ತೆ. ದವಡೆ ಮುಂದೆ ಉಂಟಲ್ಲ, ಅದಕ್ಕೇ ಕೀಲು ನೋಯುದು."

"ನಮ್ಮ ಅಪ್ಪನಿಗೂ ಮುಂದೆ ಇತ್ತು. ನಿನ್ನ ಅಪ್ಪನಿಗೂ ಇತ್ತು. ನನಗೂ ಉಂಟು. ನಾವೆಲ್ಲ ಅನ್ನ ತಿಂದೇ ಬದುಕಿದ್ದು." ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟಿದರು. "ಸೀದಾ ಹೇಳು. ನಮ್ಮ ಮುಖ ನಿನಗೆ ಬೇಡ ಆಯ್ತಾ?"

ನಾನು ಇಲ್ಲ ಅಂದೆ. ಆದರೆ ಅನ್ನುವ ಮೊದಲು ಒಂದು ಕ್ಷಣ ತಡವಾಯಿತು. ಗೋಡೆ ತುಂಬ ಕನ್ನಡಿಯಿರುವ ಅಂಗಡಿಯಲ್ಲಿ ದಿನ ಕಳೆಯುವ ಹೆಣ್ಣಿಗೆ ಆ ಒಂದು ಕ್ಷಣ ತಡವಾಗುವುದು ಸಹಜ ಎಂದು ಈಗಲೂ ನಾನು ವಾದಿಸಬಲ್ಲೆ. ಅತ್ತೆ ಮಾತ್ರ ಆ ತಡವನ್ನು ಕೇಳಿಸಿಕೊಂಡರು. ಆಮೇಲೆ ನನ್ನ ಹತ್ತಿರ ಅವರು ಆಪರೇಷನ್ನಿನ ಮಾತು ಎತ್ತಲಿಲ್ಲ, ಬೇರೆ ಮಾತೂ ಕಡಿಮೆಯಾಯಿತು.

ಆಪರೇಷನ್ ಮಾಡಿದವರು ಮಂಗಳೂರಿನ ಆಸ್ಪತ್ರೆಯೊಂದರ ಡಾಕ್ಟರು, ಹೆಂಗಸು, ಅವಸರವಿಲ್ಲದ ಮನುಷ್ಯೆ. ದವಡೆಯನ್ನು ಎರಡೂ ಬದಿಯಲ್ಲಿ ಸೀಳಿ ಹಿಂದಕ್ಕೆ ಜಾರಿಸುತ್ತೇವೆ ಎಂದರು. ನಾನು ಅಂಗಡಿಯವಳು, ಮಾಲಿನ ಬಾಳಿಕೆ ಕೇಳುವುದು ಅಭ್ಯಾಸ. ಜಾರಿಸಿದ್ದು ಅಲ್ಲೇ ನಿಲ್ಲುವುದು ಹೇಗೆ ಎಂದು ಕೇಳಿದೆ.

"ಮೊದಲೆಲ್ಲ ತಂತಿಯಲ್ಲಿ ಬಾಯಿಯನ್ನೇ ಕಟ್ಟಿ ಬಿಡ್ತಿದ್ದರು, ಮೂಳೆ ಕೂಡುವವರೆಗೆ. ಈಗ ಒಳಗೆ ಸಣ್ಣ ಪ್ಲೇಟು, ಸ್ಕ್ರೂ ಹಾಕ್ತೇವೆ. ಹೊರಗಿಂದ ಹಲ್ಲಿಗೆ ರಬ್ಬರ್."

"ಯಾವುದು ಗಟ್ಟಿ ಡಾಕ್ಟ್ರೆ?"

"ಪ್ಲೇಟೇ ಗಟ್ಟಿ. ಆದರೆ ಗಟ್ಟಿ ಉಂಟಲ್ಲ ಅಂತ ಧೈರ್ಯ ಮಾಡಿದವರೇ ಹಾಳು ಮಾಡಿಕೊಳ್ಳುದು. ಸ್ಲಾಬ್ ಹಾಕಿದ ಮೇಲೆ ಕೆಳಗೆ ಕಂಬ ಕೊಡ್ತಾರಲ್ಲ, ಅಷ್ಟೇ ಅದು. ಕಾಂಕ್ರೀಟು ಸೆಟ್ ಆಗುವ ಮೊದಲು ಮೇಲೆ ಹತ್ತಿ ಕುಣಿಬಾರ್ದು." ಆಮೇಲೆ ನನ್ನ ಗದ್ದವನ್ನು ಎರಡು ಬೆರಳಿನಲ್ಲಿ ಹಿಡಿದು ಹೇಳಿದರು. "ಇನ್ನೊಂದು ವಿಷಯ. ನಾಲಿಗೆಗೆ, ಸ್ನಾಯುಗಳಿಗೆ ಹಳೆ ಜಾಗವೇ ಅಭ್ಯಾಸ. ಅವು ಇದನ್ನು ವಾಪಸು ಎಳೀತವೆ. ನೀವು ಬಿಡಬಾರ್ದು."

ಎಳೆದರೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಆಸ್ಪತ್ರೆಗೆ ಸೇರುವ ದಿನ ಅತ್ತೆ ಬರಲಿಲ್ಲ. ನಸೀಮಾ ಬಂದಳು. "ಪೇಷಂಟಿನ ಕಡೆಯವರು ಯಾರು?" ಎಂದು ನರ್ಸ್ ಕೇಳಿದಾಗ, ಅವಳು ಬುರ್ಖಾದ ತೋಳು ಮಡಚುತ್ತಾ ಮುಂದೆ ಹೋಗಿ, "ನಾನು. ಅವಳ ಅಕ್ಕ" ಅಂದಳು. ನರ್ಸ್ ಒಮ್ಮೆ ಅವಳನ್ನು, ಒಮ್ಮೆ ನನ್ನ ಹಣೆಯ ಬೊಟ್ಟನ್ನು ನೋಡಿ ನಗು ತಡೆದುಕೊಂಡರು. ನಸೀಮಾ ನಗಲಿಲ್ಲ. ಥಿಯೇಟರಿನ ಬಾಗಿಲವರೆಗೂ ನನ್ನ ಕೈ ಹಿಡಿದು ಬಂದಳು. ಅಲ್ಲಿಂದ ಒಳಗೆ ನನ್ನ ಕೈ ಹಿಡಿಯುವವರು ಯಾರೂ ಇರಲಿಲ್ಲ. ತಣ್ಣಗಿನ ಮೇಜಿನ ಮೇಲೆ ಮಲಗಿ, ಇವರು ಎಚ್ಚರ ತಪ್ಪಿಸುವ ಮೊದಲು ಒಮ್ಮೆ ಗದ್ದ ಮುಟ್ಟಿ ನೋಡಿಕೊಳ್ಳಬೇಕು ಎಂದುಕೊಂಡೆ. ಕೈಗೆ ಆಗಲೇ ಸೂಜಿ ಚುಚ್ಚಿ ಪಟ್ಟಿ ಕಟ್ಟಿದ್ದರು.

ಎಚ್ಚರವಾದಾಗ ಮುಖ ನನ್ನದಲ್ಲ ಅನ್ನಿಸಿತು. ಕನ್ನಡಿ ನೋಡಿ ಹೇಳುತ್ತಿರುವುದಲ್ಲ, ಕನ್ನಡಿ ಯಾರೂ ಕೊಟ್ಟಿರಲಿಲ್ಲ. ಕೆಳತುಟಿ, ಗದ್ದ ಎರಡೂ ಜೋಮು ಹಿಡಿದಿದ್ದವು. ಮುಟ್ಟಿದರೆ ಬೆರಳಿಗೆ ಗದ್ದ ಗೊತ್ತಾಗುತ್ತದೆ, ಗದ್ದಕ್ಕೆ ಬೆರಳು ಗೊತ್ತಾಗುವುದಿಲ್ಲ. ಜೊಲ್ಲು ಸುರಿದದ್ದು ಅಂಗಿ ಒದ್ದೆಯಾದ ಮೇಲೆಯೇ ತಿಳಿಯುವುದು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ರಬ್ಬರ್ ಬಿಗಿದಿದ್ದರು. ಜೀವಮಾನದಲ್ಲಿ ಮೊದಲ ಸಲ ನನ್ನ ಎದುರು ಹಲ್ಲುಗಳು ಒಂದನ್ನೊಂದು ಮುಟ್ಟಿದ್ದವು. ಪರಿಚಯವಿಲ್ಲದವರನ್ನು ಒಂದೇ ಸೀಟಿನಲ್ಲಿ ಕೂರಿಸಿದಂತೆ ಎರಡೂ ಬಿಮ್ಮನೆ ನಿಂತಿದ್ದವು.

ನಸೀಮಾಳ ಮಗುವಿಗೆ ಜ್ವರ ಬಂತು, ಅವಳು ಹೋಗಲೇಬೇಕಾಯಿತು. ಹೋಗುವಾಗ ಮೂರು ಸಲ ಬಾಗಿಲಿನಿಂದ ತಿರುಗಿ ಬಂದಳು. ಮರುದಿನ ಅತ್ತೆಯ ಫೋನು ಬಂತು. ಅತ್ತೆಗೆ ಮೆಸೇಜು ಮಾಡಲು, ಓದಲು ಬರುವುದಿಲ್ಲ, ಬೇಕಾಗಿಯೂ ಇಲ್ಲ. ಫೋನೆಂದರೆ ಅವರಿಗೆ ಮಾತು. ನಾನು ಎತ್ತಿಕೊಂಡೆ. "ವಾರಿಜಾ" ಅಂದರು. ಹಿಂದೆ ಲಾರಿಯೊಂದು ಗೇರು ಬದಲಿಸಿದ ಸದ್ದು ಕೇಳಿತು. ನಾನು ಹಲ್ಲಿನ ಸಂದಿಯಿಂದ ಏನೋ ಹೇಳಲು ಹೋದೆ. ಬರೀ ಗಾಳಿ ಬಂತು. "ವಾರಿಜಾ, ಕೇಳ್ತದಾ?" ನಾನು ಮೂಗಿನಲ್ಲಿ "ಉಂ" ಅಂದೆ. ಅದು ಅಲ್ಲಿಗೆ ತಲುಪಲಿಲ್ಲ. "ಸಿಟ್ಟಾ? ಆಯ್ತು, ಇರ್ಲಿ" ಎಂದು ಇಟ್ಟುಬಿಟ್ಟರು. ನಾನು ಆ ದಿನ ಅತ್ತಷ್ಟು ಅಪ್ಪ ತೀರಿಕೊಂಡಾಗಲೂ ಅತ್ತಿರಲಿಲ್ಲ. ಅಳುವಾಗ ಬಾಯಿ ತೆರೆಯಲಾಗದಿದ್ದರೆ ಅಳು ಮೂಗು ಕಟ್ಟಿ ಉಸಿರೇ ನಿಂತಂತಾಗುತ್ತದೆ, ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಪಕ್ಕದ ಹಾಸಿಗೆಯ ಹೆಂಗಸು ಎದ್ದು ಬಂದು ನನ್ನನ್ನು ಕೂರಿಸಿ ಬೆನ್ನು ತಿಕ್ಕಿದರು. ಅವರ ಹೆಸರು ಕೇಳುವುದಕ್ಕೂ ಆಗಲಿಲ್ಲ.

ಕಡಬದ ನನ್ನ ಬಾಡಿಗೆ ಕೋಣೆಗೆ ವಾಪಸು ಬಂದೆ. ಊಟವೆಂದರೆ ರಾಗಿ ನೀರು, ಗಂಜಿಯ ತಿಳಿ, ಸೋಸಿದ ಹಣ್ಣಿನ ರಸ. ಅದನ್ನು ಕೆನ್ನೆಯ ಒಳಬದಿಗೆ ಬಾಟಲಿಯಿಂದ ಹಿಂಡಿಕೊಳ್ಳಬೇಕು. ಬಿಡುವಿದ್ದಾಗ ನಸೀಮಾ ಬರುತ್ತಿದ್ದಳು, ಅಂಗಡಿಯ ಸುದ್ದಿಯೆಲ್ಲ ಹೇಳುತ್ತಿದ್ದಳು. ನಾನು ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಿದ್ದೆ. ನಾನು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಅವಳ ಮಾತು ಮೂರು ಮನೆ ದಾಟಿರುತ್ತಿತ್ತು. ತಮಾಷೆಗೆ ತಕ್ಕ ಹೊತ್ತಿಗೆ ಉತ್ತರ ಕೊಡಲು ಆಗದಿದ್ದರೆ ಮನುಷ್ಯ ಇದ್ದೂ ಇಲ್ಲದ ಹಾಗೆ. ಅವಳು ಹೋದ ಮೇಲೆ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ.

ಊತ ಇಳಿದ ಮೇಲೆ ತಪಾಸಣೆಗೆ ಹೋಗಿ ಬರುವಾಗ ಬಸ್ಸಿನಲ್ಲಿ ಒಬ್ಬರು ಅಜ್ಜಿ ಪಕ್ಕ ಕೂತರು. ಸಂಚಿ ಬಿಚ್ಚಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು. "ಎಲ್ಲಿಯಾಯ್ತು ಮಗಾ? ಯಾರ ಮಗಳು ನೀನು?"

ಆ ಪ್ರಶ್ನೆ ನನಗೆ ಮೊದಲ ಸಲ ಬಂದಿತ್ತು. ಉತ್ತರ ಹೇಳಲು ಬಾಯಿ ತೆರೆಯುವಂತಿರಲಿಲ್ಲ. ನಾನು ತುಟಿಯ ಮೇಲೆ ಕೈಯಿಟ್ಟು ತೋರಿಸಿದೆ. "ಅಯ್ಯೋ ಪಾಪ, ಮಾತು ಬರುದಿಲ್ವಾ" ಎಂದು ಮರುಗಿ, ಅವರು ಕಿಟಕಿಯ ಕಡೆ ಮುಖ ಮಾಡಿದರು. ಆಲೆಟ್ಟಿ ಜೀಪು ಬಾಬಣ್ಣನ ಮಗಳು ಎಂದು ಮನಸ್ಸಿನೊಳಗೇ ಹೇಳಿಕೊಂಡೆ. ಇಳಿಯುವವರೆಗೂ ಹೇಳಿಕೊಳ್ಳುತ್ತಲೇ ಇದ್ದೆ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳು ಬಂತು. ಆಟಿಯಲ್ಲಿ ನಮ್ಮಲ್ಲಿ ಸತ್ತವರಿಗೆ ಬಡಿಸುವ ಕ್ರಮವಿದೆ. ಅವರವರಿಗೆ ಇಷ್ಟವಾದದ್ದನ್ನು ಮಾಡಿ, ಒಳಕೋಣೆಯಲ್ಲಿ ದೀಪ ಹಚ್ಚಿ, ಬಾಳೆ ಎಲೆಯಲ್ಲಿ ಬಡಿಸಿ, ಬಂದು ಉಣ್ಣಿ ಎಂದು ಪ್ರಾರ್ಥಿಸಿ ಬಾಗಿಲು ಎಳೆದುಕೊಳ್ಳುವುದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗಿ, ಎಲೆಯಲ್ಲಿದ್ದದ್ದನ್ನು ಮನೆಯವರು ಹಂಚಿ ತಿನ್ನುವುದು. ಅದಕ್ಕೆ ಮಕ್ಕಳನ್ನು ಯಾರೂ ಕರೆಯಬೇಕಾಗಿಲ್ಲ. ಅಷ್ಟರಲ್ಲಿ ಡಾಕ್ಟರು ನನ್ನ ರಬ್ಬರನ್ನು ಸಡಿಲ ಮಾಡಿದ್ದರು, ಮೆಲ್ಲಗೆ ಮಾತನಾಡಬಹುದಿತ್ತು. ಕಚ್ಚುವುದು ಮಾತ್ರ ಇನ್ನೂ ಕೂಡದು ಎಂದಿದ್ದರು. ನಾನು ಗುಂಡ್ಯಕ್ಕೆ ಹೋದೆ.

ಅತ್ತೆ ಕ್ಯಾಂಟೀನು ಮುಚ್ಚಿ ಹಿಂದಿನ ಮನೆಯಲ್ಲಿ ಅಕ್ಕಿ ಹಿಟ್ಟಿನ ಪುಂಡಿ ಉಂಡೆ ಕಟ್ಟುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ತಲೆಯೆತ್ತಿ ನೋಡಿ, "ಯಾರು ಬೇಕಿತ್ತು?" ಎಂದು ಕೇಳಿದರು. ಬೇಕೆಂದು ಕೇಳಿದ್ದಲ್ಲ. ಬೆಳಕು ನನ್ನ ಬೆನ್ನಿಗಿತ್ತು. ಆದರೂ ಅದನ್ನು ವಾಪಸು ತೆಗೆದುಕೊಳ್ಳಲು ಇಬ್ಬರಿಗೂ ಆಗಲಿಲ್ಲ. "ನಾನು ಅತ್ತೆ" ಅಂದೆ. ಅವರು ನನ್ನ ಮುಖವನ್ನು ತುಂಬ ಹೊತ್ತು ನೋಡಿ, "ಕೈಕಾಲು ತೊಳ್ಕೊಂಡು ಬಾ" ಅಂದರು.

ಮಧ್ಯಾಹ್ನ ಎಲೆ ಹಾಕಿದೆವು. ಅಜ್ಜ, ಅಜ್ಜಿ, ಅಮ್ಮ, ಅಪ್ಪ. ಕೋಳಿ ಸಾರು, ಪುಂಡಿ, ಅಜ್ಜನ ಎಲೆಯ ಪಕ್ಕ ಒಂದು ಲೋಟ ಕಳ್ಳು, ಅಪ್ಪನ ಎಲೆಯ ತುದಿಯಲ್ಲಿ ಒಂದು ಮುಷ್ಟಿ ಸಾಂತಾಣಿ. ಅತ್ತೆ ಕೈ ಮುಗಿದು ಒಬ್ಬೊಬ್ಬರನ್ನೇ ಕರೆದರು. ಉಳಿದವರನ್ನು ಚೆನ್ನಾಗಿ ನೋಡಿಕೊಳ್ಳಿ ಅಂದರು. ಪ್ರತಿ ವರ್ಷ ಅವರು "ಬಾಬಣ್ಣನ ಮಗಳು ವಾರಿಜ ಬಂದಿದ್ದಾಳೆ" ಎಂದು ಸೇರಿಸುತ್ತಿದ್ದರು. ಈ ಸಲ ಹೇಳಲಿಲ್ಲ. ಮರೆತರೋ, ಬೇಡವೆಂದು ಬಿಟ್ಟರೋ ಕೇಳುವ ಧೈರ್ಯ ನನಗಿರಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಕೂತೆವು. ಅಪ್ಪ ಬಂದಿದ್ದರೆ, ಹೊರಗೆ ಕೂತ ಈ ಹೆಂಗಸು ಯಾರು ಎಂದು ಅವರಿಗೆ ಗೊತ್ತಾಗುವುದು ಹೇಗೆ?

ಬಾಗಿಲು ತೆರೆದ ಮೇಲೆ ಅತ್ತೆ ನನಗೆ ಸಾರಿನ ತಿಳಿಯನ್ನು ಲೋಟಕ್ಕೆ ಬಗ್ಗಿಸಿಕೊಟ್ಟು ಒಲೆಯ ಕಡೆ ಹೋದರು. ನಾನು ಅಪ್ಪನ ಎಲೆಯಿಂದ ಒಂದು ಸಾಂತಾಣಿ ತೆಗೆದು ಬಾಯಿಗೆ ಹಾಕಿಕೊಂಡೆ. ಕಚ್ಚಲಿಕ್ಕಲ್ಲ. ಕೆನ್ನೆಯಲ್ಲಿಟ್ಟುಕೊಳ್ಳುತ್ತೇನೆ ಅಷ್ಟೇ, ಅದಕ್ಕೇನು, ಡಾಕ್ಟರು ಬೇಡವೆಂದದ್ದು ಕಚ್ಚುವುದನ್ನು ತಾನೇ. ಮುಖದಲ್ಲಿ ಇಲ್ಲದಿದ್ದರೆ ಕೆನ್ನೆಯ ಉಬ್ಬಿನಲ್ಲಾದರೂ ನನ್ನ ಗುರುತು ಹತ್ತಲಿ ಎಂದು ಆಸೆಪಟ್ಟೆ. ಉಪ್ಪು ಬಿಡತೊಡಗಿತು. ಜೀಪಿನ ಮುಂದಿನ ಸೀಟು, ವೈಪರಿನ ಸದ್ದು, ಎಲ್ಲ ಬಂತು. ನೆನೆದು ಮೆತ್ತಗಾದ ಸಾಂತಾಣಿಯನ್ನು ಏನು ಮಾಡಬೇಕೆಂದು ದವಡೆಗೆ ಗೊತ್ತಿತ್ತು, ಅದು ನನ್ನನ್ನು ಕೇಳಲಿಲ್ಲ. ಎಡಗಡೆ ಒಳಗೆ "ಟಕ್" ಎಂದಿತು. ಕಿವಿಯವರೆಗೆ ಬೆಂಕಿ ಹೋದಂತಾಯಿತು. ಲೋಟ ಕೈಯಿಂದ ಬಿತ್ತು.

ಅತ್ತೆ ಓಡಿ ಬಂದರು. ನೆಲದಲ್ಲಿ ಬಿದ್ದ ಅರ್ಧ ಸಾಂತಾಣಿಯನ್ನು ನೋಡಿದರು, ನನ್ನನ್ನು ನೋಡಿದರು. "ನಿನಗೆ ಮಂಡೆ ಸಮ ಉಂಟಾ?" ಎಂದು ಕೂಗಿದರು. ಕೂಗುತ್ತಲೇ ಸೆರಗಿನಿಂದ ನನ್ನ ಬಾಯಿ ಒರೆಸಿದರು. ಎಲೆಗಳನ್ನು ಹಾಗೆಯೇ ಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಮಂಗಳೂರಿಗೆ ಹೋಗುವ ಮೊದಲ ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದರು. ದಾರಿಯುದ್ದಕ್ಕೂ ನನ್ನ ಗದ್ದದ ಕೆಳಗೆ ಅವರ ಅಂಗೈ ಇತ್ತು. ಪ್ರತಿ ಹೊಂಡಕ್ಕೂ ಡ್ರೈವರಿಗೆ ಒಂದು ಬೈಗುಳ.

ಎಕ್ಸ್‌ರೇ ತೆಗೆದು ಹೊರಗೆ ಕೂರಿಸಿದರು. ಸ್ಕ್ರೂ ಸಡಿಲವಾಗಿದ್ದರೆ ಮತ್ತೆ ಕೊಯ್ಯಬೇಕಾಗಬಹುದು ಎಂದು ಒಬ್ಬರು ಸಣ್ಣ ಡಾಕ್ಟರು ಹೇಳಿ ಹೋಗಿದ್ದರು. ಅಲ್ಲಿ ಕೂತವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಬಾಯಿ ಕಟ್ಟಿಸಿಕೊಂಡವರು, ಹಾಗಾಗಿ ಆ ಹಜಾರದಲ್ಲಿ ಸದ್ದಿರಲಿಲ್ಲ. ಅತ್ತೆ ಎದುರಿನ ಗೋಡೆಯನ್ನು ನೋಡುತ್ತಾ ಮಾತು ಶುರು ಮಾಡಿದರು.

"ಅವತ್ತು ಫೋನಿನಲ್ಲಿ ನೀನು ಮಾತಾಡ್ಲಿಲ್ಲ."

"ಆಗ್ತಿರ್ಲಿಲ್ಲ ಅತ್ತೆ. ಬಾಯಿ ಕಟ್ಟಿದ್ರು."

"ನನಗೆ ಯಾರು ಹೇಳ್ಬೇಕು ಅದನ್ನು?" ಅಂದರು. ಆಮೇಲೆ ಯಾರಿಗೋ ಹೇಳುವಂತೆ ಹೇಳಿದರು. "ನಾನು ನಿನ್ನ ಪ್ರಾಯದಲ್ಲಿರುವಾಗ ಒಬ್ಬರು ನೋಡ್ಲಿಕ್ಕೆ ಬಂದಿದ್ರು. ಹುಡುಗನ ಅಮ್ಮ ಒಳಗೆ ಬಂದು ನನ್ನ ಗದ್ದವನ್ನು ಹೀಗೆ ಒತ್ತಿ ನೋಡಿದ್ರು, ಹಲಸಿನಕಾಯಿ ಬೆಳೆದಿದ್ಯಾ ಅಂತ ನೋಡುವ ಹಾಗೆ. ನಾನು ಚಹಾದ ತಟ್ಟೆ ಅಲ್ಲೇ ಇಟ್ಟು ಹಿತ್ತಲಿಗೆ ಹೋದೆ. ಆಮೇಲೆ ಯಾರನ್ನೂ ಬರ್ಲಿಕ್ಕೆ ಬಿಡ್ಲಿಲ್ಲ. ಇದು ನಮ್ಮ ಮುಖ, ಬೇಕಾದ್ರೆ ನೋಡಿ, ಬೇಡದಿದ್ರೆ ಹೋಗಿ ಅಂತ ಬದುಕಿದೆ." ತಮ್ಮ ಗದ್ದವನ್ನು ಒಮ್ಮೆ ಮುಟ್ಟಿಕೊಂಡರು. "ಆಗ ಯಾರಾದ್ರೂ, ಇದನ್ನು ಸರಿ ಮಾಡ್ಲಿಕ್ಕೆ ಆಗ್ತದೆ ಅಂದಿದ್ರೆ, ನಾನೂ ಮಾಡಿಸ್ತಿದ್ದೆನಾ ಏನಾ. ಅದಕ್ಕೇ ನಿನ್ನ ಮೇಲೆ ಸಿಟ್ಟು ಬಂದದ್ದು."

ಇಬ್ಬರೂ ಅಷ್ಟು ವರ್ಷ ಒಂದೇ ದವಡೆ ಹೊತ್ತುಕೊಂಡು, ಅದರ ಬಗ್ಗೆ ಒಂದು ಮಾತೂ ಆಡದೆ, ಬೇರೆ ಬೇರೆ ಕೋಣೆಯಲ್ಲಿ ಕೂತಿದ್ದೆವು. ನಾನು ಅವರ ಕೈ ಹಿಡಿದುಕೊಂಡೆ. ಅದರಲ್ಲಿ ಇನ್ನೂ ಪುಂಡಿಯ ಹಿಟ್ಟು ಅಂಟಿತ್ತು.

ಡಾಕ್ಟರು ಒಳಗೆ ಕರೆದು ಪರದೆಯಲ್ಲಿ ತೋರಿಸಿದರು. ಎಡಬದಿಯ ಒಂದು ಸ್ಕ್ರೂ ತುಸು ಎದ್ದಿತ್ತು, ಪ್ಲೇಟು ಹಿಡಿದುಕೊಂಡಿತ್ತು. ದವಡೆ ಕೂದಲೆಳೆಯಷ್ಟು ಸರಿದಿತ್ತು. ಕೊಯ್ಯುವುದು ಬೇಡ, ಮತ್ತೆ ರಬ್ಬರ್ ಬಿಗಿದು ಕಾಯೋಣ, ಮೂಳೆ ಕೂಡಿದರೆ ಕೂಡಿತು ಎಂದರು. ನನಗೆ ಬೈಯಲಿಲ್ಲ. ಏನು ಕಚ್ಚಿದ್ದು ಎಂದು ಮಾತ್ರ ಕೇಳಿದರು. ಅತ್ತೆ ಹೇಳಿದರು. ಡಾಕ್ಟರು ಒಂದು ಕ್ಷಣ ಪೆನ್ನು ಕೆಳಗಿಟ್ಟರು. "ಸಾಂತಾಣಿಯಾ! ನನ್ನ ಸ್ಕ್ರೂವಿನ ಪರೀಕ್ಷೆಗೆ ಬೇರೆ ಏನೂ ಸಿಗಲಿಲ್ವಾ ನಿಮಗೆ?"

ಈ ಸಲ ನಾನು ಕಡಬದ ಕೋಣೆಗೆ ಹೋಗಲಿಲ್ಲ. ಅತ್ತೆ ಕೇಳಲೂ ಇಲ್ಲ, ನನ್ನ ಚೀಲವನ್ನು ಗುಂಡ್ಯದಲ್ಲಿ ಇಳಿಸಿದರು. ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಬಾಯಿ ಕಟ್ಟಿಸಿಕೊಂಡು ಮಲಗುವುದೆಂದರೆ ಸಾಮಾನ್ಯ ಶಿಕ್ಷೆಯಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಕರಿದದ್ದರ ವಾಸನೆ, ಲಾರಿಯವರು ಮೀನಿನ ಮುಳ್ಳು ಚೀಪುವ ಸದ್ದು. ಅತ್ತೆ ಗೋಬಿಗೆ ಸಾಸ್ ಹಾಕುವ ಉದ್ದ ಮೂತಿಯ ಕೆಂಪು ಬಾಟಲಿಯೊಂದನ್ನು ತೊಳೆದು, ಅದರಲ್ಲಿ ಕೋಳಿ ಸಾರನ್ನು ಬಟ್ಟೆಯಲ್ಲಿ ಸೋಸಿ ತುಂಬಿ ತರುತ್ತಿದ್ದರು. ಆಸ್ಪತ್ರೆಯವರು ಕೊಟ್ಟ ಬಾಟಲಿಗಿಂತ ಅದು ಚೆನ್ನಾಗಿತ್ತು. "ಎಂತ ರುಚಿ ಉಂಟಾ?" ಎಂದು ಕೇಳಿ, ನಾನು ತಲೆಯಾಡಿಸುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ.

ಎಲ್ಲ ಸರಿಹೋಯಿತು ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಒಂಟಿತನ ಹೋಗಲಿಲ್ಲ, ಅದಕ್ಕೊಬ್ಬರು ಜೊತೆ ಸಿಕ್ಕರು ಅಷ್ಟೇ. ಕೆಲವೊಮ್ಮೆ ಅತ್ತೆ ಮಾತಿನ ನಡುವೆ ನನ್ನ ಮುಖ ನೋಡಿ ನಿಲ್ಲಿಸಿಬಿಡುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಏನೆಂದು ನನಗೆ ಗೊತ್ತಿತ್ತು. ನಾನೂ ಅವರ ಗದ್ದವನ್ನು ಕದ್ದು ನೋಡುತ್ತಿದ್ದೆ. ಅಪ್ಪನನ್ನು ನೋಡಬೇಕೆಂದರೆ ಇನ್ನು ನನಗಿರುವುದು ಅದೊಂದೇ ಜಾಗ.

ಮೂಳೆ ಕೂಡಿತು. ನವರಾತ್ರಿ ಕಳೆದ ಮೇಲೆ ಒಂದು ದಿನ ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ಸ್ಕ್ರೂಗಳಿಗೆ ಕೆಲಸವಿಲ್ಲ, ಅವುಗಳ ಪಾಡಿಗೆ ಇರಲಿ ಎಂದರು. ಗದ್ದ ತುಸು ಎಡಕ್ಕೆ ನಿಂತಿದೆ. ಬೇಕಾದರೆ ಮುಂದೆ ಸರಿ ಮಾಡಬಹುದು ಎಂದರು. ಬೇಡ ಅಂದೆ. ಕೆಳತುಟಿಯ ಒಂದು ಮೂಲೆ ಇನ್ನೂ ಜೋಮು ಹಿಡಿದೇ ಇದೆ. ಚಹಾದ ಬಿಸಿ ಅಲ್ಲಿ ಗೊತ್ತಾಗುವುದಿಲ್ಲ. ಎದುರು ಹಲ್ಲಿನಲ್ಲಿ ಮೊದಲು ಕಚ್ಚಿದ್ದು ಪೇರಳೆ, ನಸೀಮಾ ಅವಳ ಮನೆಯ ಮರದಿಂದ ತಂದದ್ದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು. ಕಚ್ಚಿದ ಗುರುತು ಹಣ್ಣಿನಲ್ಲಿ ಅರ್ಧಚಂದ್ರದ ಹಾಗೆ ಮೂಡಿತು. ಇಬ್ಬರೂ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆವು.

ಈಗ ಬಸ್ಸಿನಲ್ಲಿ ನನ್ನನ್ನು ಎಲ್ಲರೂ ಕೇಳುತ್ತಾರೆ. ನಾನು ಪೂರ್ತಿ ವಿಳಾಸ ಹೇಳುತ್ತೇನೆ. ಕೆಲವರು, "ಹೌದಾ? ಅವರ ಹಾಗೆ ಕಾಣುದಿಲ್ಲ ನೀನು" ಅನ್ನುತ್ತಾರೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಕ್ಲಿನಿಕ್ಕಿನ ಆ ಹುಡುಗಿಗೆ ಹೇಳಬೇಕಾಗಿದ್ದದ್ದು ಇದನ್ನು. ಕೀಲಿನ ನೋವು ಹೋಗುತ್ತದೆ ತಂಗಿ, ಮಾಡಿಸಿಕೋ. ಆದರೆ ನಿನ್ನನ್ನು ನೀನೇ ಪರಿಚಯ ಮಾಡಿಕೊಡಬೇಕಾದ ದಿನಗಳು ಬರುತ್ತವೆ, ಆಗ ಜೊತೆಗೆ ಒಬ್ಬರಾದರೂ ಇರುವ ಹಾಗೆ ನೋಡಿಕೋ.

ಈ ವರ್ಷದ ಆಟಿಗೆ ಮತ್ತೆ ಗುಂಡ್ಯಕ್ಕೆ ಹೋದೆ. ಪುಂಡಿಯನ್ನು ನಾನೇ ಕಟ್ಟಿದೆ. ನಾಲ್ಕು ಎಲೆ ಹಾಕಿದೆವು, ಅಪ್ಪನ ಎಲೆಯ ತುದಿಗೆ ಸಾಂತಾಣಿ ಇಟ್ಟೆವು. ಅತ್ತೆ ಕೈ ಮುಗಿದು ಅಜ್ಜನನ್ನು, ಅಜ್ಜಿಯನ್ನು, ಅಮ್ಮನನ್ನು ಕರೆದರು. ಅಪ್ಪನ ಎಲೆಯ ಮುಂದೆ ಬಂದಾಗ ನಿಂತರು. ಹಿಂದೆ ಗೋಡೆಗೆ ಒರಗಿದ್ದ ನನ್ನನ್ನು ರಟ್ಟೆ ಹಿಡಿದು ದೀಪದ ಹತ್ತಿರ ಎಳೆದರು. ನನ್ನ ಗದ್ದವನ್ನು ಹಿಡಿದು ಬೆಳಕಿಗೆ ತಿರುಗಿಸಿದರು.

"ಅಣ್ಣಾ, ಸರಿ ನೋಡು" ಅಂದರು. "ಇವಳು ವಾರಿಜ. ನಿನ್ನ ಮಗಳೇ. ನೋವು ತಡಿಲಿಕ್ಕಾಗದೆ ದವಡೆ ಸರಿ ಮಾಡಿಸಿದ್ದಾಳೆ. ಗುರುತು ಸಿಗ್ಲಿಲ್ಲ ಅಂತ ಹಾಗೇ ಹೋಗ್ಬೇಡ."

ಆಮೇಲೆ ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.